ವನೆಸ್ಸಾ ಬೆಲ್ ನಿಜಕ್ಕೂ ತಂಗಿಯ ನೆರಳಿನಲ್ಲಿ ಬದುಕಿದಳೇ?

ಪ್ರಶ್ನೆ: ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಪಠ್ಯದಲ್ಲಿ ವರ್ಜೀನಿಯಾ ವುಲ್ಫ್ ಇದ್ದಾಳೆ. ಆಕೆಯ ಅಕ್ಕ ವನೆಸ್ಸಾ ಬೆಲ್ ಚಿತ್ರಕಲಾವಿದೆ ಎಂದು ಅಡಿಟಿಪ್ಪಣಿಯಲ್ಲಿ ಒಂದೇ ಒಂದು ಸಾಲು ಬರುತ್ತದೆ, ಅಷ್ಟೇ. ಅಷ್ಟು ಪ್ರಸಿದ್ಧಳಾದ ತಂಗಿಯ ಪಕ್ಕದಲ್ಲಿ ಆಕೆಯ ಬದುಕು ಹೇಗಿತ್ತು? ಆಕೆ ನಿಜಕ್ಕೂ ದೊಡ್ಡ ಕಲಾವಿದೆಯೇ, ಇಲ್ಲವೇ ವುಲ್ಫ್‌ಳ ಅಕ್ಕ ಎಂಬ ಕಾರಣಕ್ಕೆ ಹೆಸರು ಉಳಿದಿದೆಯೇ? ‘ಟು ದ ಲೈಟ್‌ಹೌಸ್’ ಕಾದಂಬರಿಯ ಚಿತ್ರಕಾರ್ತಿ ಲಿಲಿ ಬ್ರಿಸ್ಕೊ ಎಂದರೆ ವನೆಸ್ಸಾಳೇ?

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ವನೆಸ್ಸಾ ಬೆಲ್ ದೊಡ್ಡ ಕಲಾವಿದೆ. 1911ರಿಂದ 1917ರವರೆಗೆ ಆಕೆ ಮಾಡಿದಷ್ಟು ದಿಟ್ಟ ಚಿತ್ರಗಳನ್ನು ಅಂದಿನ ಇಂಗ್ಲೆಂಡಿನಲ್ಲಿ ಮಾಡಿದವರು ಬೆರಳೆಣಿಕೆಯಷ್ಟು ಮಂದಿ. ತಂಗಿ ಒಂದಕ್ಷರ ಬರೆಯದೆ ಹೋಗಿದ್ದರೂ ಈ ಮಾತಿಗೆ ಚ್ಯುತಿ ಬರುತ್ತಿರಲಿಲ್ಲ.

ಇನ್ನು ನೆರಳಿನ ಮಾತು. ಅಕ್ಕ ಜೀವನಪೂರ್ತಿ ತಂಗಿಯ ಕೀರ್ತಿಯ ಮರೆಯಲ್ಲಿ ಕೊರಗಿದಳು ಎಂಬ ಕಥೆ ಕೇಳಲು ಸಲೀಸಾಗಿದೆ, ಆದರೆ ಇದ್ದ ದಾಖಲೆಗಳು ಅದನ್ನು ಹೇಳುವುದಿಲ್ಲ. ಇಬ್ಬರೂ ಬದುಕಿದ್ದಾಗ ಹೊಟ್ಟೆಕಿಚ್ಚು ಹೆಚ್ಚಾಗಿ ತಂಗಿಯ ಕಡೆಯಿಂದಲೇ ಇತ್ತು. ಅಕ್ಕನ ಮೇಲೆ ಬಿದ್ದ ನೆರಳು ಇಬ್ಬರೂ ತೀರಿಕೊಂಡ ಮೇಲೆ, 1970ರ ದಶಕದಿಂದ ಈಚೆಗೆ, ನಾವು ಓದಿದ ರೀತಿಯಿಂದ ಬಿದ್ದದ್ದು. ನಾವು ವನೆಸ್ಸಾಳನ್ನು ಆಕೆಯ ಬಣ್ಣದಲ್ಲಿ ನೋಡಲಿಲ್ಲ, ವರ್ಜೀನಿಯಾಳ ವಾಕ್ಯಗಳಲ್ಲಿ ಓದಿದೆವು. ನಿಮ್ಮ ಅಡಿಟಿಪ್ಪಣಿಯ ಒಂಟಿ ಸಾಲಿಗೂ ಕಾರಣ ಅದೇ.

ವನೆಸ್ಸಾ ಹುಟ್ಟಿದ್ದು 1879ರ ಮೇ 30ರಂದು, ಲಂಡನ್ನಿನ ಹೈಡ್ ಪಾರ್ಕ್ ಗೇಟ್‌ನಲ್ಲಿ. ತಂದೆ ಲೆಸ್ಲಿ ಸ್ಟೀಫನ್, ಬ್ರಿಟನ್ನಿನ ರಾಷ್ಟ್ರೀಯ ಜೀವನಚರಿತ್ರೆ ಕೋಶದ ಮೊದಲ ಸಂಪಾದಕ. ತಾಯಿ ಜೂಲಿಯಾ ಹುಟ್ಟಿದ್ದು ನಮ್ಮ ಕಲ್ಕತ್ತಾದಲ್ಲಿ, 1846ರಲ್ಲಿ. ಜೂಲಿಯಾಳ ದೊಡ್ಡಮ್ಮ, ಪ್ರಸಿದ್ಧ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಕೂಡ ಕಲ್ಕತ್ತಾದಲ್ಲೇ ಹುಟ್ಟಿದವಳು. ಅಂದರೆ ತಂದೆಯ ಕಡೆ ಅಕ್ಷರ, ತಾಯಿಯ ಕಡೆ ಕಣ್ಣು. ವನೆಸ್ಸಾಳ ನಂತರ ಥೋಬಿ, 1882ರಲ್ಲಿ ವರ್ಜೀನಿಯಾ, ಆಮೇಲೆ ಏಡ್ರಿಯನ್. ಇಬ್ಬರೂ ತಂದೆತಾಯಿಗೆ ಇದು ಎರಡನೆಯ ಮದುವೆ, ಹಾಗಾಗಿ ಹಿಂದಿನ ಮದುವೆಗಳ ಮಕ್ಕಳೂ ಅದೇ ಮನೆಯಲ್ಲಿದ್ದರು.

ಬಾಲ್ಯದಲ್ಲೇ ಅಕ್ಕತಂಗಿಯರು ಕೆಲಸ ಹಂಚಿಕೊಂಡಿದ್ದರು. ವರ್ಜೀನಿಯಾ ಲೇಖಕಿಯಾಗಬೇಕು, ತಾನು ಚಿತ್ರಕಾರ್ತಿಯಾಗಬೇಕು ಎಂದು ಇಬ್ಬರೂ ಅಂದುಕೊಳ್ಳದಿದ್ದ ಕಾಲವೇ ತನಗೆ ನೆನಪಿಲ್ಲ, ಅದು ಒಳ್ಳೆಯದೇ ಆಯಿತು, ಇಬ್ಬರ ದಾರಿ ಬೇರೆಯಾದದ್ದರಿಂದ ಹೊಟ್ಟೆಕಿಚ್ಚಿಗೆ ಒಂದು ಕಾರಣವಾದರೂ ಇಲ್ಲವಾಯಿತು ಎಂದು ವನೆಸ್ಸಾ ಮುಂದೆ ಬರೆದಳು. ಮನೆಯ ಹಿಂಬದಿಯ ಗಾಜಿನ ಕೋಣೆಯಲ್ಲಿ ಅಕ್ಕ ಚಿತ್ರ ಬರೆಯುವಾಗ ತಂಗಿ ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಜಾರ್ಜ್ ಎಲಿಯಟ್, ಥ್ಯಾಕರೆ ಇವರೆಲ್ಲ ತನಗೆ ಇಂದಿಗೂ ತಂಗಿಯ ದನಿಯಲ್ಲೇ ಕೇಳಿಸುತ್ತಾರೆ ಎಂದು ವನೆಸ್ಸಾ ನೆನೆದಿದ್ದಾಳೆ.

ಇದಕ್ಕೆ ಎದುರಾಗಿ ಇನ್ನೊಂದು ಸಂಗತಿ ಇಡುತ್ತೇನೆ. ಯುವತಿ ವರ್ಜೀನಿಯಾ ಬಹಳ ಕಾಲ ನಿಂತುಕೊಂಡೇ ಬರೆಯುತ್ತಿದ್ದಳು. ಸುಮಾರು ಮೂರೂವರೆ ಅಡಿ ಎತ್ತರದ, ಇಳಿಜಾರು ಹಲಗೆಯ ಮೇಜು. ಕೂತು ಬರೆಯಲು ಅದರಲ್ಲಿ ಸಾಧ್ಯವೇ ಇರಲಿಲ್ಲ. ಕಾರಣ ಇಷ್ಟೇ: ಅಕ್ಕ ಈಸೆಲ್ (ಚಿತ್ರದ ಹಲಗೆ ನಿಲ್ಲಿಸುವ ಸ್ಟ್ಯಾಂಡ್) ಮುಂದೆ ನಿಂತು ಕೆಲಸ ಮಾಡುತ್ತಾಳೆ, ಹಿಂದೆ ಸರಿದು ನೋಡುತ್ತಾಳೆ, ಮತ್ತೆ ಮುಂದೆ ಬಂದು ಬಣ್ಣ ಹಚ್ಚುತ್ತಾಳೆ. ಅವಳ ಕೆಲಸ ಅಷ್ಟು ಗಂಭೀರವಾಗಿ ಕಾಣುವಾಗ ತಾನು ಕುರ್ಚಿಯಲ್ಲಿ ಆರಾಮವಾಗಿ ಕೂತರೆ ತನ್ನ ಕೆಲಸ ಹಗುರವಾಗಿಬಿಟ್ಟೀತು ಎಂಬ ಆತಂಕ ತಂಗಿಗೆ. ಇದನ್ನು ದಾಖಲಿಸಿದವನು ವನೆಸ್ಸಾಳ ಮಗ ಕ್ವೆಂಟಿನ್ ಬೆಲ್. ಯಾರು ಯಾರನ್ನು ನೋಡಿ ತಮ್ಮನ್ನು ಅಳೆದುಕೊಳ್ಳುತ್ತಿದ್ದರು ಎಂಬುದನ್ನು ಆ ಮೇಜು ಚೆನ್ನಾಗಿ ಹೇಳುತ್ತದೆ.

1895ರಲ್ಲಿ ತಾಯಿ ತೀರಿಕೊಂಡಳು. ತಾಯಿಯ ಜಾಗದಲ್ಲಿ ನಿಂತ ಮಲಅಕ್ಕ ಸ್ಟೆಲ್ಲಾ 1897ರಲ್ಲಿ ಹೋದಳು. ಹದಿನೆಂಟು ವರ್ಷದ ವನೆಸ್ಸಾಳ ಹೆಗಲಿಗೆ ಇಡೀ ಮನೆಯ ಯಜಮಾನಿಕೆ ಬಿತ್ತು. ಪ್ರತಿ ಬುಧವಾರ ಮಧ್ಯಾಹ್ನದ ಊಟದ ನಂತರ ಆಕೆ ವಾರದ ಖರ್ಚಿನ ಪುಸ್ತಕವನ್ನು ತಂದೆಯ ಮುಂದೆ ಇಡಬೇಕಿತ್ತು. ಲೆಕ್ಕ ಹನ್ನೊಂದು ಪೌಂಡ್ ದಾಟಿತೋ, ಲೆಸ್ಲಿ ಸ್ಟೀಫನ್ ಹಾಳಾದೆ, ಮುಳುಗಿದೆ ಎಂದು ಗರ್ಜಿಸುತ್ತಿದ್ದ, ಎದೆ ಬಡಿದುಕೊಳ್ಳುತ್ತಿದ್ದ. ವನೆಸ್ಸಾ ತುಟಿಪಿಟಕ್ ಎನ್ನದೆ ನಿಂತಿರುತ್ತಿದ್ದಳು. ಕೊನೆಗೆ ಆತ ನಡುಗುವ ಕೈಯಲ್ಲಿ ಚೆಕ್ ಬರೆದುಕೊಡುತ್ತಿದ್ದ, ಆಕೆ ತೆಗೆದುಕೊಂಡು ಹೋಗುತ್ತಿದ್ದಳು. ಈ ದೃಶ್ಯ ಮರೆಯಲಾಗದಂಥದು. ಆದರೆ ಗಮನಿಸಿ, ಇದನ್ನು ನಮಗೆ ಹೇಳಿದವಳು ವರ್ಜೀನಿಯಾ. ನಿಂತವಳು ಅಕ್ಕ, ಬರೆದವಳು ತಂಗಿ. ವನೆಸ್ಸಾಳ ಬದುಕಿನ ಅತ್ಯಂತ ಜೀವಂತ ಚಿತ್ರಣಗಳಲ್ಲಿ ಹೆಚ್ಚಿನವು ನಮಗೆ ಸಿಕ್ಕಿದ್ದು ಹೀಗೆಯೇ.

ಆ ಮನೆಯಿಂದ ಆಕೆ ತಪ್ಪಿಸಿಕೊಳ್ಳುತ್ತಿದ್ದದ್ದು ಸೈಕಲ್ ಹತ್ತಿ, ಚಿತ್ರಶಾಲೆಗೆ. ಮೊದಲು ಆರ್ಥರ್ ಕೋಪ್ ಅವರ ಶಾಲೆ, 1901ರಿಂದ ರಾಯಲ್ ಅಕಾಡೆಮಿಯ ಶಾಲೆ. ಅಲ್ಲಿ ಜಾನ್ ಸಿಂಗರ್ ಸಾರ್ಜೆಂಟ್ ಪಾಠ ಹೇಳುತ್ತಿದ್ದರು. 1904ರಲ್ಲಿ ತಂದೆ ತೀರಿಕೊಂಡ ಮೇಲೆ ಕತ್ತಲೆಯ ಆ ಹಳೆಯ ಮನೆಯನ್ನು ಬಿಟ್ಟು ಬ್ಲೂಮ್ಸ್‌ಬರಿಯ 46 ಗೋರ್ಡನ್ ಸ್ಕ್ವೇರ್‌ಗೆ ಎಲ್ಲರನ್ನೂ ಕರೆದೊಯ್ದವಳು ವನೆಸ್ಸಾ. ಭಾರವಾದ ಪರದೆಗಳನ್ನು ಕಿತ್ತೊಗೆದು ಗೋಡೆಗಳಿಗೆ ಬಿಳಿ ಸುಣ್ಣ ಬಳಿಸಿದಳು. ಬ್ಲೂಮ್ಸ್‌ಬರಿ ಗುಂಪು ಎಂದು ನೀವು ಪಠ್ಯದಲ್ಲಿ ಓದುವ ಗೆಳೆಯರ ಬಳಗ ಬೆಳೆದದ್ದು ಆ ಮನೆಯಲ್ಲಿ. ಬರಹಗಾರರ ಗುರುವಾರದ ಕೂಟದ ಕಥೆ ಎಲ್ಲರೂ ಹೇಳುತ್ತಾರೆ. 1905ರಲ್ಲಿ ಕಲಾವಿದರಿಗಾಗಿ ವನೆಸ್ಸಾ ‘ಫ್ರೈಡೇ ಕ್ಲಬ್’ ಕಟ್ಟಿ ಪ್ರದರ್ಶನಗಳನ್ನು ನಡೆಸಿದ್ದು ಯಾರ ಬಾಯಲ್ಲೂ ಬರುವುದಿಲ್ಲ.

1906ರಲ್ಲಿ ತಮ್ಮ ಥೋಬಿ ಗ್ರೀಸ್ ಪ್ರವಾಸದಿಂದ ಬಂದು ವಿಷಮಜ್ವರಕ್ಕೆ ಬಲಿಯಾದ. ಎರಡು ದಿನಗಳ ನಂತರ ವನೆಸ್ಸಾ ಅವನ ಗೆಳೆಯ, ಕಲಾವಿಮರ್ಶಕ ಕ್ಲೈವ್ ಬೆಲ್‌ನನ್ನು ಮದುವೆಯಾಗಲು ಒಪ್ಪಿದಳು. 1908ರಲ್ಲಿ ಜೂಲಿಯನ್, 1910ರಲ್ಲಿ ಕ್ವೆಂಟಿನ್ ಹುಟ್ಟಿದರು. ಮೊದಲ ಮಗು ಹುಟ್ಟಿದ ಹೊಸದರಲ್ಲಿ, ಅಕ್ಕನ ಗಮನವೆಲ್ಲ ಕೂಸಿನ ಮೇಲಿದ್ದಾಗ, ತಂಗಿ ಮತ್ತು ಭಾವನ ನಡುವೆ ಪ್ರಣಯದ ಚೆಲ್ಲಾಟ ಶುರುವಾಯಿತು. ಅದು ದೇಹ ಸಂಬಂಧದವರೆಗೆ ಹೋಗಲಿಲ್ಲ. ಆದರೆ ಅಕ್ಕನಿಗೆ ಆದ ಗಾಯ ಸಣ್ಣದಲ್ಲ, ಅದರ ಕಲೆ ವರ್ಜೀನಿಯಾಳನ್ನೂ ಬಹುಕಾಲ ಕಾಡಿತು. ಅಕ್ಕತಂಗಿಯರ ಸಂಬಂಧದಲ್ಲಿ ನಿಜವಾದ ದ್ರೋಹ ಎಂದು ಹೇಳಬಹುದಾದದ್ದು ಇದು. ಕೀರ್ತಿಗೂ ಇದಕ್ಕೂ ಏನೂ ಸಂಬಂಧವಿಲ್ಲ.

ಈಗ ಚಿತ್ರಗಳಿಗೆ ಬರೋಣ.

1910ರ ನವೆಂಬರಿನಲ್ಲಿ ಕಲಾವಿಮರ್ಶಕ ರೋಜರ್ ಫ್ರೈ ಲಂಡನ್ನಿನ ಗ್ರಾಫ್ಟನ್ ಗ್ಯಾಲರಿಯಲ್ಲಿ ಸೆಜಾನ್, ಗೋಗ್ಯಾಂ, ವ್ಯಾನ್ ಗೋ, ಮಾಟೀಸ್ ಅವರ ಹೊಸ ಬಗೆಯ ಚಿತ್ರಗಳನ್ನು ತಂದು ತೂಗುಹಾಕಿದರು. ಜನ ನಕ್ಕರು, ಪತ್ರಿಕೆಗಳು ಉಗಿದವು. ವನೆಸ್ಸಾಳಿಗೆ ಅದು ಬಿಡುಗಡೆ ಎನಿಸಿತು. ನೀನು ಕಂಡದ್ದನ್ನು ನೀನೇ ಅನುಭವಿಸು ಎಂದು ಯಾರೋ ಧೈರ್ಯ ಹೇಳಿದಂತಾಯಿತು ಎಂಬರ್ಥದಲ್ಲಿ ಆಕೆ ಮುಂದೆ ಬರೆದಳು. ಮುಂದಿನ ಆರೇಳು ವರ್ಷ ಆಕೆಯ ಕೈಯಿಂದ ಬಂದದ್ದನ್ನು ನೋಡಿದರೆ ಆ ಧೈರ್ಯ ಬಾಯಿಮಾತಲ್ಲ ಎಂದು ತಿಳಿಯುತ್ತದೆ.

‘ಸ್ಟಡ್‌ಲ್ಯಾಂಡ್ ಬೀಚ್’ ಎಂಬ ಚಿತ್ರವನ್ನು ನೋಡಿ. 1912ರ ಸುಮಾರಿನದು, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಸ್ಟಡ್‌ಲ್ಯಾಂಡ್ ಎಂಬುದು ಇಂಗ್ಲೆಂಡಿನ ದಕ್ಷಿಣ ತೀರದ ಊರು, ಕುಟುಂಬಗಳು ರಜೆಗೆ ಹೋಗುವ ಸಮುದ್ರದಂಡೆ. ಅಂಥ ಜಾಗ ಎಂದರೆ ನಗು, ಬಿಸಿಲು, ಓಡಾಡುವ ಮಕ್ಕಳು ಎಂದು ನಿರೀಕ್ಷಿಸುತ್ತೇವೆ. ವನೆಸ್ಸಾ ಅದನ್ನೆಲ್ಲ ತೆಗೆದುಹಾಕಿದ್ದಾಳೆ. ಕ್ಯಾನ್ವಾಸನ್ನು ಓರೆಯಾಗಿ ಸೀಳುವ ದಂಡೆಯ ಗೆರೆ. ಒಂದು ಕಡೆ ಮಂಕು ಮರಳು, ಇನ್ನೊಂದು ಕಡೆ ಗೋಡೆಯಂತೆ ಎದ್ದ ನೀಲಿ. ಅಲೆಯಿಲ್ಲ, ನೊರೆಯಿಲ್ಲ. ಎಡಗಡೆ ಕೆಳಮೂಲೆಯಲ್ಲಿ ಟೊಪ್ಪಿಗೆ ಹಾಕಿದ ಇಬ್ಬರು ನಮಗೆ ಬೆನ್ನು ಮಾಡಿ ಕುಳಿತಿದ್ದಾರೆ. ದೂರದಲ್ಲಿ, ಬಿಳಿಯ ಸ್ನಾನದ ಡೇರೆಯ ಮುಂದೆ, ಒಬ್ಬಳು ಹೆಂಗಸು ನಿಂತಿದ್ದಾಳೆ. ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಮಕ್ಕಳು. ಒಂದು ಮುಖವೂ ಕಾಣುವುದಿಲ್ಲ. ಯಾರು ಯಾರಿಗೆ ಏನಾಗಬೇಕು, ಆ ಹೆಂಗಸು ಯಾರಿಗಾಗಿ ಕಾಯುತ್ತಿದ್ದಾಳೆ, ಒಂದಕ್ಕೂ ಉತ್ತರವಿಲ್ಲ. ಕೆಳಗಿನ ಇಬ್ಬರಿಗೂ ಮೇಲಿನ ಗುಂಪಿಗೂ ನಡುವೆ ಇರುವ ಖಾಲಿ ಮರಳೇ ಚಿತ್ರದ ಜೀವ. ಅದನ್ನು ಒಂದೆರಡು ಬೆರಳಿನಷ್ಟು ಕಿರಿದು ಮಾಡಿದ್ದರೂ ಚಿತ್ರ ಕುಸಿದುಬೀಳುತ್ತಿತ್ತು.

ಅದೇ 1912ರಲ್ಲಿ ಆಕೆ ತಂಗಿಯ ಭಾವಚಿತ್ರಗಳನ್ನೂ ಮಾಡಿದಳು. ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿಯಲ್ಲಿರುವುದು ಒಂದು ಪುಟ್ಟ ಹಲಗೆ, 40 ಸೆಂಟಿಮೀಟರ್ ಎತ್ತರ. ವರ್ಜೀನಿಯಾ ಕಿತ್ತಳೆ ಬಣ್ಣದ ಒರಗುಕುರ್ಚಿಯಲ್ಲಿ ಹೆಣಿಗೆ ಹಾಕುತ್ತಾ ಕುಳಿತಿದ್ದಾಳೆ. ಕಣ್ಣು, ಮೂಗು, ಬಾಯಿ ಬಹುತೇಕ ಅಳಿಸಿದಂತಿವೆ. ಆದರೂ ತಲೆ ವಾಲಿದ ಬಗೆ, ಭುಜ ಇಳಿಬಿಟ್ಟ ಬಗೆ ನೋಡಿದರೆ ಇದು ಅವಳೇ ಎಂದು ಗುರುತು ಹತ್ತುತ್ತದೆ. ಜಗತ್ತು ಮುಂದೆ ಕೋಟಿ ಸಲ ನೋಡಲಿದ್ದ ಮುಖವನ್ನು ಅಕ್ಕ ಬಿಟ್ಟುಬಿಟ್ಟು, ಮನೆಯವರಿಗೆ ಮಾತ್ರ ಗೊತ್ತಿರುವ ಭಂಗಿಯನ್ನು ಹಿಡಿದಳು. ವರ್ಜೀನಿಯಾಳ ಭಾವಚಿತ್ರಗಳಲ್ಲಿ ನನಗೆ ಇದಕ್ಕಿಂತ ಆತ್ಮೀಯವಾದದ್ದು ಬೇರೊಂದಿಲ್ಲ.

1914ರ ಹೊತ್ತಿಗೆ ಆಕೆ ವಸ್ತುವನ್ನೇ ಕೈಬಿಟ್ಟು, ಹಳದಿ ನೆಲದ ಮೇಲೆ ಬಣ್ಣದ ಆಯತಗಳನ್ನು ಮಾತ್ರ ಇಟ್ಟ ಅಮೂರ್ತ ಚಿತ್ರಗಳನ್ನು ಮಾಡಿದಳು. ಬ್ರಿಟನ್ನಿನ ಮೊಟ್ಟಮೊದಲ ಅಮೂರ್ತ ಚಿತ್ರಗಳ ಸಾಲಿನಲ್ಲಿ ಇವೂ ಸೇರುತ್ತವೆ. ಅದೇ ವರ್ಷ ಗಂಡ ಕ್ಲೈವ್, ಕಲೆಯ ಸತ್ವ ಇರುವುದು ಕಥೆಯಲ್ಲಲ್ಲ, ಆಕಾರ ಮತ್ತು ಬಣ್ಣಗಳ ಸಂಬಂಧದಲ್ಲಿ ಎಂದು ಪುಸ್ತಕ ಬರೆದು ಹೆಸರು ಮಾಡಿದ. ರೋಜರ್ ಫ್ರೈ ಕೂಡ ಅದೇ ವಾದವನ್ನು ಬೆಳೆಸಿದರು. ಸಿದ್ಧಾಂತ ಬರೆದ ಗಂಡಸರ ಹೆಸರು ಎಲ್ಲ ಪಠ್ಯಗಳಲ್ಲೂ ಇದೆ. ಅವರ ಕಣ್ಣೆದುರೇ ಅದನ್ನು ಕ್ಯಾನ್ವಾಸಿನ ಮೇಲೆ ಮಾಡಿ ತೋರಿಸುತ್ತಿದ್ದವಳ ಹೆಸರಿಗೆ ಜಾಗ ಸಿಕ್ಕಿಲ್ಲ. ನೆರಳಿನ ಬಗ್ಗೆ ಕೇಳಿದಿರಲ್ಲ, ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

1913ರಲ್ಲಿ ಫ್ರೈ, ವನೆಸ್ಸಾ, ಚಿತ್ರಕಾರ ಡಂಕನ್ ಗ್ರಾಂಟ್ ಮೂವರೂ ಸೇರಿ ಫಿಟ್ಜ್‌ರಾಯ್ ಸ್ಕ್ವೇರ್‌ನಲ್ಲಿ ‘ಒಮೆಗಾ ವರ್ಕ್‌ಶಾಪ್ಸ್’ ತೆರೆದರು. ಕಲಾವಿದರು ಹೆಸರು ಹಾಕದೆ ಪರದೆ, ಬಟ್ಟೆ, ಮೇಜು, ಮಡಕೆಗಳನ್ನು ಮಾಡಿ ಮಾರುವ ಜಾಗ ಅದು. 1919ರಲ್ಲಿ ಮುಚ್ಚಿತು. ಚಿತ್ರ ಬೇರೆ, ಮನೆಬಳಕೆಯ ವಸ್ತು ಬೇರೆ ಎಂಬ ಭೇದ ವನೆಸ್ಸಾಳಿಗೆ ಇರಲಿಲ್ಲ. ಕಲೆಯ ಇತಿಹಾಸ ಬರೆದವರಿಗೆ ಇತ್ತು. ಹೆಣ್ಣೊಬ್ಬಳು ಬಾಗಿಲಿಗೂ ಪಿಂಗಾಣಿ ತಟ್ಟೆಗೂ ಬಣ್ಣ ಹಚ್ಚಿದರೆ ಅದು ಮನೆ ಸಿಂಗಾರದ ಕೆಲಸ ಎಂದು ಪಕ್ಕಕ್ಕಿಡುವುದು ಅವರಿಗೆ ಸುಲಭವಾಯಿತು.

ಈಗ ಆಕೆಯ ಬದುಕಿನ ಅತಿ ಉದ್ದದ ನೆರಳಿನ ಬಗ್ಗೆ ಹೇಳಲೇಬೇಕು. ಅದು ತಂಗಿಯದಲ್ಲ, ಡಂಕನ್ ಗ್ರಾಂಟ್‌ನದು. ಮದುವೆ ಹೆಸರಿಗಷ್ಟೇ ಉಳಿದ ಮೇಲೆ ಕೆಲಕಾಲ ಫ್ರೈ ಜೊತೆ ಪ್ರೀತಿಯಲ್ಲಿದ್ದ ವನೆಸ್ಸಾ, ನಂತರ ಡಂಕನ್‌ಗೆ ಮನಸೋತಳು. ಆತ ಪ್ರೀತಿಸುತ್ತಿದ್ದದ್ದು ಗಂಡಸರನ್ನು. ಅದು ಗೊತ್ತಿದ್ದೂ ಅವನ ಜೊತೆಗೇ ಇರಲು ಆಕೆ ನಿರ್ಧರಿಸಿದಳು. 1916ರಲ್ಲಿ, ಯುದ್ಧದ ನಡುವೆ, ಡಂಕನ್ ಮತ್ತು ಅವನ ಸಂಗಾತಿ ಡೇವಿಡ್ ಗಾರ್ನೆಟ್ ಸೈನ್ಯ ಸೇರಲು ಒಲ್ಲದೆ ಹೊಲದ ಕೆಲಸಕ್ಕೆ ನಿಲ್ಲಬೇಕಾಯಿತು. ಆಗ ವನೆಸ್ಸಾ ಸಸೆಕ್ಸಿನ ಚಾರ್ಲ್‌ಸ್ಟನ್ ಎಂಬ ಹೊಲಮನೆಯನ್ನು ಬಾಡಿಗೆಗೆ ಹಿಡಿದಳು. ಇಂಥದೊಂದು ಮನೆ ಇದೆ ಎಂದು ಮೊದಲು ತಿಳಿಸಿದವಳು ವರ್ಜೀನಿಯಾ. ವಿದ್ಯುತ್ ಇಲ್ಲದ, ಚಳಿಗೆ ಕೊರೆಯುವ ಆ ಮನೆಯ ಬಾಗಿಲು, ಅಗ್ಗಿಷ್ಟಿಕೆ, ಗೋಡೆ, ಮಂಚ ಎಲ್ಲದರ ಮೇಲೂ ಅವರಿಬ್ಬರ ಬಣ್ಣ ಹರಿಯಿತು. 1918ರ ಕ್ರಿಸ್‌ಮಸ್ ದಿನ ಅಲ್ಲೇ ಆಂಜೆಲಿಕಾ ಹುಟ್ಟಿದಳು. ಡಂಕನ್‌ನ ಮಗಳು, ಆದರೆ ಕ್ಲೈವ್‌ನ ಮಗಳೆಂದೇ ಬೆಳೆದಳು. ನಿಜ ತಿಳಿದದ್ದು ಹದಿನೇಳರ ಆಸುಪಾಸಿನಲ್ಲಿ. ಮುಂದೆ 1942ರಲ್ಲಿ ಆಂಜೆಲಿಕಾ ಮದುವೆಯಾದದ್ದು ಅದೇ ಡೇವಿಡ್ ಗಾರ್ನೆಟ್‌ನನ್ನು. ತನ್ನ ಮೇಲೆ ನಡೆದ ಈ ಮರೆಮಾಚುವಿಕೆಯ ಬಗ್ಗೆ ಆಕೆ 1984ರಲ್ಲಿ ನೋವಿನ ಪುಸ್ತಕವೊಂದನ್ನು ಬರೆದಳು. ವನೆಸ್ಸಾಳ ಮೌನ ಕಲೆಯಲ್ಲಿ ಎಷ್ಟು ಫಲ ಕೊಟ್ಟಿತೋ ಮಗಳ ಬದುಕಿನಲ್ಲಿ ಅಷ್ಟೇ ಕೇಡು ಮಾಡಿತು. ಅವಳನ್ನು ಮೆಚ್ಚುವ ಭರದಲ್ಲಿ ಇದನ್ನು ಮರೆಸುವುದು ಸರಿಯಲ್ಲ.

ನಲವತ್ತು ವರ್ಷಕ್ಕೂ ಮಿಕ್ಕಿ ವನೆಸ್ಸಾ ಮತ್ತು ಡಂಕನ್ ಅಕ್ಕಪಕ್ಕ ಈಸೆಲ್ ಇಟ್ಟುಕೊಂಡು, ಎಷ್ಟೋ ಸಲ ಅದೇ ಹೂಜಿ, ಅದೇ ಹಣ್ಣು, ಅದೇ ವ್ಯಕ್ತಿಯನ್ನು ನೋಡಿ ಚಿತ್ರ ಬರೆದರು. 1920, 30ರ ದಶಕಗಳಲ್ಲಿ ಡಂಕನ್ ಇಂಗ್ಲೆಂಡಿನ ಅತ್ಯಂತ ಹೆಸರುವಾಸಿ ಚಿತ್ರಕಾರರಲ್ಲಿ ಒಬ್ಬ. ವನೆಸ್ಸಾ ಸ್ವತಃ ಅವನನ್ನು ತನಗಿಂತ ಮೇಲಿಟ್ಟಳು, ಅದನ್ನು ಮತ್ತೆ ಮತ್ತೆ ಹೇಳಿದಳು. ತಂಗಿಯ ಬರವಣಿಗೆಯ ಮುಂದೆ ತನ್ನ ಚಿತ್ರಗಳನ್ನು ಆಕೆ ಹೀಗೆ ಕೀಳಾಗಿ ಕಂಡದ್ದು ಎಲ್ಲೂ ಇಲ್ಲ. ಡಂಕನ್ ಮುಂದೆ ಕಂಡಳು. ವಿಮರ್ಶಕರು ಆಕೆಯ ಮಾತನ್ನೇ ತೀರ್ಪೆಂದು ಬರೆದುಕೊಂಡರು. ಇಂದು ಇಬ್ಬರ 1910ರ ದಶಕದ ಚಿತ್ರಗಳನ್ನು ಜೊತೆಗಿಟ್ಟು ನೋಡಿದರೆ, ಡಂಕನ್‌ನಲ್ಲಿ ಲವಲವಿಕೆ ಹೆಚ್ಚು, ವನೆಸ್ಸಾಳಲ್ಲಿ ಬಿಗಿ ಹೆಚ್ಚು. ನನ್ನ ಮಟ್ಟಿಗೆ ಕಾಲಕ್ಕೆ ಹೆಚ್ಚು ತಡೆದುಕೊಂಡಿರುವುದು ಆ ಬಿಗಿ.

1920ರ ನಂತರ ಆಕೆಯ ಚಿತ್ರಗಳು ಮೆತ್ತಗಾದವು ಎಂಬುದನ್ನೂ ಒಪ್ಪಬೇಕು. ಅಮೂರ್ತದ ದಾರಿಯನ್ನು ಬಿಟ್ಟು ಹೂವು, ತೋಟ, ಕಿಟಕಿ, ಮಕ್ಕಳು ಎಂದು ಕಣ್ಣಮುಂದಿನ ಜಗತ್ತಿಗೆ ಮರಳಿದಳು. ಇವುಗಳಲ್ಲಿ ಕೆಲವು ಸೊಗಸು, ಕೆಲವು ಬರೀ ಅಭ್ಯಾಸಬಲ. ಅಷ್ಟರಲ್ಲಿ ಲಂಡನ್ನಿನ ರುಚಿ ಹೊಸ ತಲೆಮಾರಿನತ್ತ ಹೊರಟಿತ್ತು. ಅದರ ಮೇಲೆ 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬಿಗೆ ಫಿಟ್ಜ್‌ರಾಯ್ ಸ್ಟ್ರೀಟ್‌ನ ಸ್ಟುಡಿಯೊ ಸುಟ್ಟುಹೋಗಿ ಎಷ್ಟೋ ಕ್ಯಾನ್ವಾಸುಗಳು ನಾಶವಾದವು. ಪುಸ್ತಕಕ್ಕೆ ಸಾವಿರ ಪ್ರತಿ ಇರುತ್ತದೆ, ಚಿತ್ರಕ್ಕೆ ಇರುವುದು ಒಂದೇ.

ಒಂದು ಮಾತು ಇಲ್ಲೇ ಸೇರಿಸಿಬಿಡುತ್ತೇನೆ. ಮೂರು ಮಕ್ಕಳು, ಸದಾ ತುಂಬಿರುವ ಅತಿಥಿಗಳ ನಡುವೆ ಆಕೆ ದಿನವೂ ಸ್ಟುಡಿಯೊಗೆ ಹೋಗುವುದು ಸಾಧ್ಯವಾದದ್ದು ಗ್ರೇಸ್ ಹಿಗೆನ್ಸ್ ಎಂಬ ಹೆಂಗಸಿನ ದುಡಿಮೆಯಿಂದ. 1920ರಲ್ಲಿ ಹದಿಹರೆಯದ ಹುಡುಗಿಯಾಗಿ ಕೆಲಸಕ್ಕೆ ಸೇರಿದ ಗ್ರೇಸ್ ಸುಮಾರು ಅರ್ಧ ಶತಮಾನ ಆ ಮನೆಗಾಗಿ ದುಡಿದಳು. ಮರೆತುಹೋದ ಹೆಂಗಸರ ಬಗ್ಗೆ ಮಾತಾಡುವಾಗ ಗ್ರೇಸ್‌ಳನ್ನು ಬಿಡುವುದು ನನ್ನಿಂದ ಆಗುವುದಿಲ್ಲ.

ಅಕ್ಕತಂಗಿಯರು ಕೆಲಸದಲ್ಲಿ ಹೇಗಿದ್ದರು ಎಂದು ಕೇಳಿದರೆ, ಹೊಗಾರ್ತ್ ಪ್ರೆಸ್ ಇದೆ. ವರ್ಜೀನಿಯಾ ಮತ್ತು ಆಕೆಯ ಗಂಡ ಲಿಯೊನಾರ್ಡ್ 1917ರಲ್ಲಿ ಶುರುಮಾಡಿದ ಮುದ್ರಣಾಲಯ ಅದು. 1919ರಲ್ಲಿ ‘ಕ್ಯೂ ಗಾರ್ಡನ್ಸ್’ ಎಂಬ ಕಥೆಗೆ ವನೆಸ್ಸಾ ಮರದಚ್ಚಿನ ಚಿತ್ರಗಳನ್ನು ಮಾಡಿಕೊಟ್ಟಳು. ಅಚ್ಚಾಗಿ ಬಂದದ್ದನ್ನು ನೋಡಿ ಕೆಂಡವಾದಳು. ಅಕ್ಷರ ಸರಿಯಿಲ್ಲ, ಚಿತ್ರ ಮೂಡಿದ್ದು ಸರಿಯಿಲ್ಲ, ಹೀಗೆಯೇ ಆದರೆ ಇನ್ನು ನಿನ್ನ ಕಥೆಗಳಿಗೆ ಚಿತ್ರ ಮಾಡುವುದಿಲ್ಲ ಎಂದು ಖಡಾಖಂಡಿತ ಹೇಳಿ, ಈ ಪ್ರೆಸ್ಸಿನಿಂದ ಏನು ಉಪಯೋಗ ಎಂದೂ ಕೇಳಿದಳು. ತಂಗಿ ಬೇಸರದಿಂದ ಇದನ್ನು ದಿನಚರಿಯಲ್ಲಿ ಬರೆದುಕೊಂಡಳು. ನೆರಳಿನಲ್ಲಿ ಮುದುಡಿಕೊಂಡ ಅಕ್ಕ ಹೀಗೆ ಮಾತಾಡುವುದಿಲ್ಲ. ಜಗಳ ಮುಗಿಯಿತು. 1922ರ ‘ಜೇಕಬ್ಸ್ ರೂಮ್’ ಮುಖಪುಟದಿಂದ ಹಿಡಿದು ತಂಗಿಯ ಹೆಚ್ಚುಕಡಿಮೆ ಎಲ್ಲ ಕಾದಂಬರಿಗಳ ಹೊದಿಕೆಯೂ ವನೆಸ್ಸಾಳದು. ಬಹಳ ಸಲ ಹಸ್ತಪ್ರತಿ ಓದದೆ, ತಂಗಿ ಹೇಳಿದ ನಾಲ್ಕು ಮಾತು ಕೇಳಿಕೊಂಡೇ ಮಾಡುತ್ತಿದ್ದಳು. ಮೊದಲ ಹೊದಿಕೆಯನ್ನು ಪುಸ್ತಕದಂಗಡಿಯವರು ಬಹುತೇಕ ಒಕ್ಕೊರಲಿನಿಂದ ತಿರಸ್ಕರಿಸಿದರು ಎಂದು ಲಿಯೊನಾರ್ಡ್ ನೆನೆದಿದ್ದಾರೆ: ಅದರಲ್ಲಿ ಸುಂದರಿಯೂ ಇಲ್ಲ, ಜೇಕಬ್‌ನೂ ಇಲ್ಲ, ಅವನ ಕೋಣೆಯೂ ಇಲ್ಲ. ಅಂಗಡಿಯವರಿಗೆ ಬೇಡವಾದ ಆ ಹೊದಿಕೆಗಳಿಂದಲೇ ಇಂದು ಆ ಪುಸ್ತಕಗಳ ಗುರುತು.

1927ರ ವಸಂತದಲ್ಲಿ ದಕ್ಷಿಣ ಫ್ರಾನ್ಸಿನ ಕಾಸಿಯಲ್ಲಿದ್ದ ವನೆಸ್ಸಾ ಒಂದು ರಾತ್ರಿಯ ಬಗ್ಗೆ ತಂಗಿಗೆ ಪತ್ರ ಬರೆದಳು. ದೀಪದ ಸುತ್ತ ಪತಂಗಗಳು ಮುತ್ತುತ್ತಿವೆ, ಒಂದು ಭಾರಿ ಗಾತ್ರದ ಪತಂಗ ಕಿಟಕಿ ಬಡಿಯುತ್ತಿದೆ. ವರ್ಜೀನಿಯಾಳ ತಲೆಯಿಂದ ಆ ಪತಂಗ ಹೋಗಲೇ ಇಲ್ಲ. ಮುಂದೆ ‘ದ ವೇವ್ಸ್’ ಎಂದು 1931ರಲ್ಲಿ ಹೊರಬಂದ ಕಾದಂಬರಿಗೆ ಆಕೆ ಮೊದಲು ಇಟ್ಟ ಹೆಸರು ‘ದ ಮಾತ್ಸ್’, ಅಂದರೆ ಪತಂಗಗಳು. 1928ರಲ್ಲಿ ಇನ್ನೊಂದು ಪತ್ರ, ಈ ಬಾರಿ ತಂಗಿಯಿಂದ. ಮೂವರು ಹೆಂಗಸರು ಕಿಟಕಿಯ ಪಕ್ಕ ತಲೆ ಸೇರಿಸಿ ಪಿಸುಗುಡುತ್ತಿರುವ, ಈಗ ಕೋರ್ಟಾಲ್ಡ್ ಗ್ಯಾಲರಿಯಲ್ಲಿರುವ ಚಿತ್ರವನ್ನು ನೋಡಿ ಬರೆದದ್ದು. ನೀನು ಚಿತ್ರಕಾರ್ತಿ ಮಾತ್ರವಲ್ಲ, ಜಾಣ ಸಣ್ಣಕಥೆಗಾರ್ತಿ, ನನಗೆ ಅಸೂಯೆಯಾಗುತ್ತದೆ, ಈ ಮೂವರನ್ನು ನಾನು ಗದ್ಯದಲ್ಲಿ ತರಬಲ್ಲೆನೇ ಎಂಬುದು ಅದರ ಸಾರ. ಮಕ್ಕಳು, ತುಂಬಿದ ಮನೆ, ಸಂಕೋಚವಿಲ್ಲದೆ ಬದುಕುವ ಶಕ್ತಿ, ಅಕ್ಕನ ಬಳಿ ಇರುವ ಇವೆಲ್ಲ ತನಗಿಲ್ಲ ಎಂಬ ಕೊರಗು ವರ್ಜೀನಿಯಾಳ ದಿನಚರಿಯ ಉದ್ದಕ್ಕೂ ಇದೆ. 1919ರ ಕಾದಂಬರಿ ‘ನೈಟ್ ಆ್ಯಂಡ್ ಡೇ’ಯನ್ನು ಅಕ್ಕನಿಗೆ ಅರ್ಪಿಸುವಾಗ, ನಿನ್ನ ಹೆಸರಿನ ಪಕ್ಕ ನಿಲ್ಲಬಲ್ಲ ಮಾತು ಹುಡುಕಿದೆ, ಸಿಗಲಿಲ್ಲ ಎಂದಳು.

1930ರಲ್ಲಿ ವನೆಸ್ಸಾಳ ಪ್ರದರ್ಶನಕ್ಕೆ ವರ್ಜೀನಿಯಾ ಮುನ್ನುಡಿ ಬರೆದಳು. ಈ ಚಿತ್ರಗಳು ಕಥೆ ಹೇಳುವುದಿಲ್ಲ, ಏನನ್ನೂ ಬಿಟ್ಟುಕೊಡುವುದಿಲ್ಲ, ಮಿಸೆಸ್ ಬೆಲ್ ಗೋರಿಯಷ್ಟು ಮೌನಿ ಎಂದಳು. ಚೆಂದದ ಮಾತು, ನಿಜವೂ ಹೌದು. ಆದರೆ ಆ ಮೌನವನ್ನು ಕೂಡ ನಾವು ತಂಗಿಯ ಮಾತಿನಿಂದಲೇ ನೆನಪಿಟ್ಟುಕೊಂಡೆವು.

1937ರ ಜುಲೈನಲ್ಲಿ ಸ್ಪೇನ್ ಅಂತರ್ಯುದ್ಧದಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದ ಹಿರಿಮಗ ಜೂಲಿಯನ್ ಸತ್ತ. ಹಾಸಿಗೆ ಹಿಡಿದ ಅಕ್ಕನನ್ನು ಮತ್ತೆ ಮತ್ತೆ ಬಂದು ನೋಡಿ ಜೀವ ಹಿಡಿದಿಟ್ಟವಳು ವರ್ಜೀನಿಯಾ. ವನೆಸ್ಸಾಳಿಗೆ ಅದನ್ನು ನೇರವಾಗಿ ಹೇಳಿಕೊಳ್ಳಲು ಬಾಯಿ ಬರಲಿಲ್ಲ. ತಂಗಿಯ ಗೆಳತಿ ವೀಟಾ ಸ್ಯಾಕ್‌ವಿಲ್‌ವೆಸ್ಟ್‌ಗೆ ಪತ್ರ ಬರೆದು, ವರ್ಜೀನಿಯಾ ನನಗೆ ಎಷ್ಟು ಆಸರೆಯಾದಳೆಂದು ಹೇಳಲು ನನ್ನಿಂದಾಗದು, ಮುಂದೊಮ್ಮೆ ನೀನೇ ಅವಳಿಗೆ ಹೇಳು ಎಂದು ಕೇಳಿಕೊಂಡಳು. 1941ರ ಮಾರ್ಚ್ 28ರಂದು ವರ್ಜೀನಿಯಾ ನದಿಗೆ ಹಾರಿ ಪ್ರಾಣಬಿಟ್ಟಾಗ ಗಂಡನಿಗಲ್ಲದೆ ಪತ್ರ ಬರೆದಿಟ್ಟದ್ದು ಅಕ್ಕನೊಬ್ಬಳಿಗೆ. ವನೆಸ್ಸಾ ಇನ್ನೂ ಇಪ್ಪತ್ತು ವರ್ಷ ಚಿತ್ರ ಬರೆಯುತ್ತಾ ಬದುಕಿದಳು. 1961ರ ಏಪ್ರಿಲ್ 7ರಂದು ಚಾರ್ಲ್‌ಸ್ಟನ್‌ನಲ್ಲೇ ತೀರಿಕೊಂಡಳು.

ಹಾಗಾದರೆ ಅಡಿಟಿಪ್ಪಣಿಗೆ ಇಳಿದದ್ದು ಯಾವಾಗ? 1972ರಲ್ಲಿ ವರ್ಜೀನಿಯಾಳ ಜೀವನಚರಿತ್ರೆ ಬಂತು, ಬರೆದವನು ವನೆಸ್ಸಾಳ ಮಗನೇ. ನಂತರ ಕೆಲವೇ ವರ್ಷಗಳಲ್ಲಿ ಪತ್ರಗಳ ಆರು ಸಂಪುಟ, ದಿನಚರಿಯ ಐದು ಸಂಪುಟ. ಸ್ತ್ರೀವಾದಿ ಚಿಂತನೆ ವಿಶ್ವವಿದ್ಯಾಲಯಗಳಿಗೆ ಬಂದ ಹೊತ್ತು ಅದು, ವುಲ್ಫ್ ಅದರ ಕೇಂದ್ರಕ್ಕೆ ಬಂದಳು, ಬರಬೇಕಾದದ್ದೇ. ಆ ಹನ್ನೊಂದು ಸಂಪುಟಗಳಲ್ಲಿ ವನೆಸ್ಸಾ ಪುಟಪುಟಕ್ಕೂ ಇದ್ದಾಳೆ, ಆದರೆ ಅಕ್ಕನಾಗಿ, ತಾಯಿಯಾಗಿ, ಚೆಲುವೆಯಾಗಿ. ಆಕೆಯ ಸ್ವಂತ ಪತ್ರಗಳ ಒಂದೇ ಒಂದು ಆಯ್ದ ಸಂಪುಟ ಬರಲು 1993 ಆಗಬೇಕಾಯಿತು. ಚಾರ್ಲ್‌ಸ್ಟನ್ 1986ರಲ್ಲಿ ಸಾರ್ವಜನಿಕರಿಗೆ ತೆರೆದಾಗ ಜನ ಮನೆಯ ಅಂದಕ್ಕೆ ಮರುಳಾದರು, ಯಾರು ಯಾರನ್ನು ಪ್ರೀತಿಸಿದರು ಎಂಬ ಕಥೆಗೆ ಕಿವಿಗೊಟ್ಟರು. ಆಕೆಯ ಚಿತ್ರಗಳನ್ನೇ ಮುಂದಿಟ್ಟ ಮೊದಲ ದೊಡ್ಡ ಪ್ರದರ್ಶನ ಲಂಡನ್ನಿನ ಡಲಿಚ್ ಗ್ಯಾಲರಿಯಲ್ಲಿ ನಡೆದದ್ದು 2017ರಲ್ಲಿ, ಸತ್ತು ಐವತ್ತಾರು ವರ್ಷಗಳ ಮೇಲೆ. 2024ರಲ್ಲಿ ಮಿಲ್ಟನ್ ಕೀನ್ಸ್‌ನಲ್ಲಿ ಅದಕ್ಕೂ ದೊಡ್ಡದೊಂದು ನಡೆಯಿತು.

ಕೊನೆಯ ಪ್ರಶ್ನೆ, ಲಿಲಿ ಬ್ರಿಸ್ಕೊ. ಲಿಲಿ ವನೆಸ್ಸಾ ಅಲ್ಲ. ಲಿಲಿಗೆ ಮದುವೆಯಿಲ್ಲ, ಮಕ್ಕಳಿಲ್ಲ, ಹೆಂಗಸರಿಗೆ ಚಿತ್ರ ಬರೆಯಲು ಬಾರದು ಎಂದು ಒಬ್ಬ ಅಂದ ಮಾತು ಅವಳನ್ನು ಕಾದಂಬರಿಯುದ್ದಕ್ಕೂ ಚುಚ್ಚುತ್ತದೆ. ಆ ಅಳುಕಿನಲ್ಲಿ ವರ್ಜೀನಿಯಾಳೇ ಹೆಚ್ಚು ಕಾಣುತ್ತಾಳೆ. ಆದರೆ ಲಿಲಿ ಕೆಲಸ ಮಾಡುವ ಬಗೆ ಅಕ್ಕನ ಸ್ಟುಡಿಯೊದಿಂದ ಬಂದದ್ದು: ತಾಯಿಮಗುವನ್ನು ಒಂದು ನೇರಳೆ ತ್ರಿಕೋನವಾಗಿಸುವುದು, ಈ ಕಡೆಯ ರಾಶಿಯನ್ನು ಆ ಕಡೆಯದಕ್ಕೆ ಹೇಗೆ ಕೂಡಿಸಲಿ ಎಂದು ತಿಣುಕುವುದು. ಆ ಭಾಗಗಳನ್ನು ಓದಿ ಅಕ್ಕ ನಗುತ್ತಾಳೆ ಎಂದು ವರ್ಜೀನಿಯಾಳಿಗೆ ಭಯವಿತ್ತು. 1927ರ ಮೇನಲ್ಲಿ ಪುಸ್ತಕ ಓದಿದ ವನೆಸ್ಸಾ, ಕಾದಂಬರಿಯ ತಾಯಿ ಪಾತ್ರವಾದ ಮಿಸೆಸ್ ರ‍್ಯಾಮ್ಸೆಯಲ್ಲಿ ನಮ್ಮ ಅಮ್ಮ ಸತ್ತಲ್ಲಿಂದ ಎದ್ದು ಬಂದಂತಿದ್ದಾಳೆ, ನೋವಾಗುವಷ್ಟು ನಿಜ ಎಂದು ಬರೆದಳು. ಮಿಸೆಸ್ ರ‍್ಯಾಮ್ಸೆಯಲ್ಲಿ ನೀನೂ ಬಹಳಷ್ಟು ಇದ್ದೀಯ ಎಂದು ತಂಗಿ ಮರುತ್ತರ ಬರೆದಳು. ಆದ್ದರಿಂದ ಆ ಕಾದಂಬರಿಯಲ್ಲಿ ವನೆಸ್ಸಾಳನ್ನು ಹುಡುಕುವುದಾದರೆ ಈಸೆಲ್ ಮುಂದೆಯೂ ಹುಡುಕಿ, ಊಟದ ಮೇಜಿನ ತಲೆಯಲ್ಲಿ ಕುಳಿತು ಬಡಿಸುವವಳಲ್ಲಿಯೂ ಹುಡುಕಿ.

ನಿಮ್ಮ ಪ್ರಬಂಧಕ್ಕೆ ಕೆಲಸಕ್ಕೆ ಬರುವ ಒಂದು ದಾರಿ ಹೇಳುತ್ತೇನೆ. ಟೇಟ್, ಕೋರ್ಟಾಲ್ಡ್, ರಾಷ್ಟ್ರೀಯ ಭಾವಚಿತ್ರ ಗ್ಯಾಲರಿ, ಮೂರರ ಜಾಲತಾಣಗಳಲ್ಲೂ ಮೇಲೆ ಹೇಳಿದ ಚಿತ್ರಗಳಿವೆ. ಮೊದಲು ‘ಸ್ಟಡ್‌ಲ್ಯಾಂಡ್ ಬೀಚ್’, ಆಮೇಲೆ 1914ರ ಅಮೂರ್ತ ಚಿತ್ರ, ಆಮೇಲೆ 1917ರ ‘ದ ಟಬ್’, ಕೊನೆಗೆ ಹೆಣಿಗೆ ಹಾಕುವ ವರ್ಜೀನಿಯಾ. ಮೊಬೈಲ್ ಪರದೆಯಲ್ಲಿ ನೋಡಬೇಡಿ, ಸಾಧ್ಯವಾದರೆ ಗ್ರಂಥಾಲಯದ ದೊಡ್ಡ ಪರದೆಯಲ್ಲಿ ನೋಡಿ. ಕಂಡದ್ದನ್ನು ನಿಮ್ಮ ಮಾತಿನಲ್ಲಿ ಒಂದೊಂದು ಪುಟ ಬರೆದುಕೊಳ್ಳಿ. ವುಲ್ಫ್‌ಳ ದಿನಚರಿಯನ್ನು ತೆರೆಯುವುದು ಅದಾದ ಮೇಲೆ ಇರಲಿ.